ಎರಡು ತಲೆಮಾರುಗಳ ತಾಯಿ: ಮಾತೃಶ್ರೀ ಜೀಜಾಬಾಯಿಯ ಜೀವನಸ್ಮರಣೆ

 

ರಾಜರ ಚರಿತ್ರೆಯನ್ನು ಬರೆಯುವವರು ಗೆದ್ದ ಕೋಟೆಗಳನ್ನೂ ಕೂಡಿಸಿದ ಬೊಕ್ಕಸವನ್ನೂ ಎಣಿಸುವರು. ಆ ರಾಜನು ತೊಟ್ಟಿಲೊಳಗಿನ ಕೂಸಾಗಿದ್ದಾಗ ರಾತ್ರಿಯೆಲ್ಲ ಎಚ್ಚತ್ತು ಕುಳಿತವರು ಯಾರೆಂದು ಕೇಳುವವರು ವಿರಳರು. ಛತ್ರಪತಿ ಶಿವಾಜಿಮಹಾರಾಜನ ತಾಯಿಯೆಂದು ಜೀಜಾಬಾಯಿಯ ಹೆಸರನ್ನು ಬಲ್ಲವರು ಬಹಳ ಮಂದಿ ಇರುವರು. ಆದರೆ ಆಕೆಯು ಅಜ್ಜಿಯೂ ಆಗಿದ್ದಳೆಂಬುದು ಅಷ್ಟಾಗಿ ನೆನಪಿಗೆ ಬಾರದು. ಮಗನನ್ನು ಬೆಳೆಸಿದ ಕೈಯೇ ತಬ್ಬಲಿಯಾದ ಮೊಮ್ಮಗನನ್ನೂ ಎತ್ತಿಕೊಂಡಿತೆಂಬ ಸಂಗತಿಯೇ ಇಂದಿನ ಸ್ಮರಣೆಯ ವಿಷಯವು.

ಈಗಿನ ಬುಲಢಾಣಾ ಜಿಲ್ಲೆಯ ಸಿಂದಖೇಡವು ಆಕೆಯ ತವರೂರು. 1598ರಲ್ಲಿ ಆಕೆಯ ಜನನವಾಯಿತೆಂದು ಪ್ರಸಿದ್ಧಿಯುಂಟು. ತಂದೆ ಲಖೂಜಿ ಜಾಧವರಾಯನು ಅಹಮದನಗರದ ನಿಜಾಮಶಾಹಿಯಲ್ಲಿ ದೊಡ್ಡ ಸರದಾರನು. ಕೈಹಿಡಿದ ಶಹಾಜಿ ಭೋಸಲೆಯೂ ಶೂರನು. ತವರಿಗೂ ಅತ್ತೆಮನೆಗೂ ವೈಮನಸ್ಯ ಬೆಳೆದು, ಆ ಎರಡರ ನಡುವೆ ಆಕೆಯು ನಲುಗಬೇಕಾಯಿತು. 1629ರಲ್ಲಿ ದೌಲತಾಬಾದಿನ ದರಬಾರಿನಲ್ಲಿ ಆಕೆಯ ತಂದೆಯನ್ನೂ ಒಡಹುಟ್ಟಿದವರನ್ನೂ ವಿಶ್ವಾಸಘಾತದಿಂದ ಕೊಂದರು. ಆಗ ಆಕೆಯು ಬಸುರಿಯು. ತವರಿನ ದೀಪವು ಆರಿದ ಆ ದುಃಖವನ್ನು ಒಡಲಲ್ಲಿಟ್ಟುಕೊಂಡೇ ಜುನ್ನರದ ಬಳಿಯ ಶಿವನೇರಿ ಕೋಟೆಯಲ್ಲಿ 1630ರ ಫೆಬ್ರವರಿ 19ರಂದು ಆಕೆಯು ಶಿವಾಜಿಯನ್ನು ಹೆತ್ತಳು. ಅದೇ ಹೊತ್ತಿಗೆ ದಖ್ಖಣದಲ್ಲಿ ಘೋರವಾದ ಬರಗಾಲವೂ ಬಂದಿತು.

1636ರಲ್ಲಿ ಶಹಾಜಿಯು ಬಿಜಾಪುರದ ಸೇವೆಗೆ ಸೇರಿ ಕರ್ನಾಟಕದ ದಂಡಯಾತ್ರೆಗೆ ಹೊರಟನು. ಬೆಂಗಳೂರು ಅವನ ಜಹಗೀರಾಯಿತು. ತಾಯಿಯೂ ಕಿರಿಯ ಮಗನೂ ನಡುವೆ ಕೆಲಕಾಲ ಬೆಂಗಳೂರಿಗೆ ಬಂದಿದ್ದರೂ ಅವರ ಬಾಳಿನ ನೆಲೆಯು ಪುಣೆಯೇ ಆಯಿತು. ಆ ಪುಣೆಯಾದರೂ ಎಂತಹದು? ಶತ್ರುಗಳು ಊರನ್ನು ಸುಟ್ಟು, ಕತ್ತೆಗಳನ್ನು ಕಟ್ಟಿ ನೇಗಿಲು ಹೊಡೆಯಿಸಿದ ಹಾಳುನೆಲವು. ದಾದೋಜಿ ಕೊಂಡದೇವನ ಸಹಾಯದಿಂದ ಅಲ್ಲಿ ಮರಳಿ ಒಕ್ಕಲುಗಳನ್ನು ಕರೆತಂದು, ಮನೆ ಕಟ್ಟಿಸಿ, ಬೀಜ ಬಿತ್ತಿಸಿದ ಕಾಲದಲ್ಲಿ ಆ ಮನೆಯ ಯಜಮಾನಿಯು ಜೀಜಾಬಾಯಿಯೇ. ರಾಮಾಯಣ ಭಾರತಗಳ ಕಥೆಗಳನ್ನು ಆಕೆಯು ಮಗನಿಗೆ ಹೇಳಿದಳೆಂಬುದು ಲೋಕವಿದಿತವು. ಹಾಳಾದ ಊರು ಮತ್ತೆ ಊರಾಗುವದನ್ನು ಬಾಲಕನು ದಿನದಿನವೂ ಕಣ್ಣಾರೆ ಕಂಡುದು ಅದಕ್ಕಿಂತ ಕಡಿಮೆಯ ಪಾಠವಲ್ಲ.

ಹಿರಿಯ ಮಗ ಸಂಭಾಜಿಯು ತಂದೆಯ ಬಳಿಯಲ್ಲಿಯೇ ಬೆಳೆದನು. 1654–55ರ ಸುಮಾರಿಗೆ ಈಗಿನ ಕೊಪ್ಪಳ ಜಿಲ್ಲೆಯ ಕನಕಗಿರಿಯ ಕಾಳಗದಲ್ಲಿ ಅವನು ಮಡಿದನು. ಅಫಜಲಖಾನನು ವೇಳೆಗೆ ಸಹಾಯ ಮಾಡಲಿಲ್ಲವೆಂಬ ನೋವು ಆ ಮನೆತನದಲ್ಲಿ ಉಳಿಯಿತು. ದೂರದ ನೆಲದಲ್ಲಿ ಬಿದ್ದ ಮಗನ ಮುಖವು ತಾಯಿಗೆ ಕೊನೆಗೂ ಸಿಗಲಿಲ್ಲ. 1657ರ ಮೇ 14ರಂದು ಪುರಂದರ ಕೋಟೆಯಲ್ಲಿ ಶಿವಾಜಿಗೆ ಗಂಡುಮಗುವಾದಾಗ ಅದಕ್ಕೆ ಸಂಭಾಜಿಯೆಂದೇ ಹೆಸರಿಟ್ಟರು. ಕಳೆದುಹೋದ ಮಗನ ಹೆಸರನ್ನು ಅಜ್ಜಿಯು ದಿನಕ್ಕೆ ನೂರು ಸಲ ಬಾಯ್ತುಂಬ ಕರೆಯುವಂತಾಯಿತು.

ಆ ಸಂತೋಷವೂ ನಿರ್ಮಲವಾಗಿ ಉಳಿಯಲಿಲ್ಲ. ಬಾಣಂತಿಯಾದ ಸಯೀಬಾಯಿಯು ಅಸ್ವಸ್ಥಳಾದಳು. ಕಾಪೂರಹೋಳದ ಧಾರಾವು ಎಂಬ ರೈತಗಿತ್ತಿಯು ಬಂದು ಮಗುವಿಗೆ ಮೊಲೆಯೂಡಿದಳು. 1659ರ ಸೆಪ್ಟೆಂಬರದಲ್ಲಿ ಸಯೀಬಾಯಿಯು ತೀರಿಕೊಂಡಳು. ಎರಡು ತಿಂಗಳು ಕಳೆದ ಕೂಡಲೆ ಶಿವಾಜಿಯು ಪ್ರತಾಪಗಡದ ಬುಡದಲ್ಲಿ ಅದೇ ಅಫಜಲಖಾನನನ್ನು ಎದುರಿಸಲು ಹೋಗಬೇಕಾಯಿತು. ಅತ್ತ ಮಗನು ಮೃತ್ಯುವಿನ ಬಾಯಿಗೆ ನಡೆದಿರುವನು. ಇತ್ತ ತಾಯಿಯಿಲ್ಲದ ಎರಡು ವರುಷದ ಕೂಸು ಸೆರಗು ಹಿಡಿದಿರುವದು. ಅರುವತ್ತರ ಹೊಸ್ತಿಲು ದಾಟಿದ ಆಕೆಯು ಎರಡನೆಯ ಸಲ ತಾಯಿಯಾದುದು ಹೀಗೆ.

1664ರ ಜನವರಿಯಲ್ಲಿ ಈಗಿನ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿ ಬೇಟೆಯಾಡುತ್ತಿರುವಾಗ ಕುದುರೆಯಿಂದ ಬಿದ್ದು ಶಹಾಜಿಯು ಮೃತನಾದನು. ಆ ವಾರ್ತೆಯನ್ನು ಕೇಳಿ ಜೀಜಾಬಾಯಿಯು ಸಹಗಮನಕ್ಕೆ ಸಿದ್ಧಳಾದಳೆಂದೂ, ಶಿವಾಜಿಯು ಆಕೆಯ ತೊಡೆಯ ಮೇಲೆ ಕುಳಿತು, ಕೊರಳನ್ನು ತಬ್ಬಿಕೊಂಡು ಬೇಡಿದನೆಂದೂ ಮರಾಠಿ ಬಖರುಗಳು ಹೇಳುವವು. ಆ ಕಾಲದ ಸಮಾಜವು ಆ ಮರಣವನ್ನು ಕೊಂಡಾಡುತ್ತಿತ್ತು. ಬದುಕಿ ಉಳಿದವಳನ್ನು ಕೊಂಡಾಡುವವರು ಯಾರೂ ಇರಲಿಲ್ಲ. ಆಕೆಯು ಉಳಿದಳು. ಅದು ಎಷ್ಟು ದೊಡ್ಡ ಪುಣ್ಯವಾಯಿತೆಂಬುದು ಎರಡೇ ವರುಷಗಳಲ್ಲಿ ತಿಳಿದುಬಂದಿತು.

1665ರ ಪುರಂದರದ ಒಪ್ಪಂದದಲ್ಲಿ 23 ಕೋಟೆಗಳು ಮೊಗಲರ ಪಾಲಾಗಿ 12 ಮಾತ್ರ ಉಳಿದವು. ಮರುವರುಷ ಶಿವಾಜಿಯು ಬಾಲಕ ಸಂಭಾಜಿಯೊಡನೆ ಆಗ್ರೆಗೆ ಹೊರಟಾಗ, ಉಳಿದ ರಾಜ್ಯದ ಭಾರವನ್ನು ತಾಯಿಯ ಕೈಯಲ್ಲಿಟ್ಟು ಹೋದನು. ಅಲ್ಲಿ ಔರಂಗಜೇಬನು ಅವರನ್ನು ಕಾವಲಿನಲ್ಲಿಟ್ಟನೆಂಬ ಸುದ್ದಿ ಬಂದಿತು. ಮಗನೂ ಮೊಮ್ಮಗನೂ ಶತ್ರುವಿನ ಸೆರೆಯಲ್ಲಿರುವಾಗ ಮಂತ್ರಿಗಳೂ ಕೋಟೆಯ ಹವಾಲದಾರರೂ ಆಕೆಯ ಮುಖವನ್ನೇ ನೋಡುತ್ತಿದ್ದರು. ಆ ಮುಖವು ಕಳೆಗುಂದಿದ್ದರೆ ರಾಜ್ಯವು ಉಳಿಯುತ್ತಿದ್ದಿಲ್ಲ. ಆಗಸ್ಟದಲ್ಲಿ ತಪ್ಪಿಸಿಕೊಂಡು ಶಿವಾಜಿಯು ತಿರುಗಿ ಬಂದನು. ಆದರೆ ಹುಡುಗನನ್ನು ಮಥುರೆಯಲ್ಲಿ ಮರೆಯಾಗಿ ಬಿಟ್ಟುಬಂದಿದ್ದನು. ಮೊಗಲರ ಹುಡುಕಾಟವು ನಿಲ್ಲಲೆಂದು ಸಂಭಾಜಿಯು ದಾರಿಯಲ್ಲಿ ತೀರಿಕೊಂಡನೆಂಬ ವದಂತಿಯನ್ನೂ ಹಬ್ಬಿಸಬೇಕಾಯಿತು. ಬದುಕಿರುವ ಮೊಮ್ಮಗನು ಸತ್ತನೆಂಬ ಮಾತು ಊರೆಲ್ಲ ಹಬ್ಬಿದ ದಿನಗಳನ್ನು ಅಜ್ಜಿಯು ಹೇಗೆ ಕಳೆದಳೋ ಶಿವನೇ ಬಲ್ಲನು. ಕೆಲವು ವಾರಗಳ ಮೇಲೆ ಬಾಲಕನು ಸುರಕ್ಷಿತವಾಗಿ ಮನೆ ಸೇರಿದನು.

1674ರ ಜೂನ್ 6ರಂದು ರಾಯಗಡದಲ್ಲಿ ಶಿವಾಜಿಗೆ ಪಟ್ಟಾಭಿಷೇಕವಾಯಿತು. ಬೆಟ್ಟದ ಮೇಲಿನ ಗಾಳಿಯು ವೃದ್ಧಳಾದ ತಾಯಿಗೆ ಒಗ್ಗದೆಂದು ಮಗನು ಬುಡದಲ್ಲಿರುವ ಪಾಚಾಡದಲ್ಲಿ ಆಕೆಗೆ ಮನೆ ಕಟ್ಟಿಸಿದ್ದನು. ಪಟ್ಟವಾದ ಹನ್ನೊಂದನೆಯ ದಿನ, ಜೂನ್ 17ರಂದು, ಅಲ್ಲಿಯೇ ಆಕೆಯು ದೇಹವನ್ನಿಳಿಸಿದಳು. ಆಕೆಯ ಸಮಾಧಿಯು ಇಂದಿಗೂ ಅಲ್ಲಿರುವದು.

ಅಜ್ಜಿಯು ಇಲ್ಲದ ಮನೆಯು ಮೊದಲಿನಂತಿರಲಿಲ್ಲ. ತಂದೆಗೂ ಮಗನಿಗೂ ನಡುವೆ ಬಿರುಕು ಬೆಳೆದು 1678ರಲ್ಲಿ ಸಂಭಾಜಿಯು ಮೊಗಲ ಸರದಾರ ದಿಲೇರಖಾನನ ಪಾಳೆಯಕ್ಕೆ ಹೋಗಿ, ಮರುವರುಷ ಮರಳಿ ಬಂದನು. ಆಕೆಯು ಬದುಕಿದ್ದರೆ ಆ ಹುಡುಗನು ಯಾರ ಬಳಿಗೆ ಹೋಗಿ ಅಳುತ್ತಿದ್ದನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ 1689ರ ಮಾರ್ಚದಲ್ಲಿ ಔರಂಗಜೇಬನ ಕ್ರೂರವಾದ ಶಿಕ್ಷೆಗೆ ಗುರಿಯಾಗಿ ಸಾಯುವಾಗ ಅವನು ತಲೆ ಬಾಗಲಿಲ್ಲ.

ಉಳಿದವನು ಕಿರಿಯ ಮೊಮ್ಮಗ ರಾಜಾರಾಮನು. ಅಜ್ಜಿಯು ತೀರಿದಾಗ ಅವನು ನಾಲ್ಕು ವರುಷದ ಬಾಲಕನು. ಅಣ್ಣನ ಮರಣದ ವರುಷವೇ ಮೊಗಲರು ಬೆನ್ನಟ್ಟಲು ಅವನು ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಓಡುತ್ತ ನಮ್ಮ ನಾಡಿಗೆ ಬಂದನು. ಆಗ ಅವನಿಗೆ ಆಶ್ರಯವಿತ್ತವಳು ಕೆಳದಿಯ ವೀರಶೈವ ರಾಣಿ ಚೆನ್ನಮ್ಮಾಜಿಯು. ಹೆತ್ತ ಮಕ್ಕಳಿಲ್ಲದೆ ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡು ಸಾಕಿದ ಆ ತಾಯಿಯು, ಬಾದಶಹನ ಕೋಪವು ತನ್ನ ರಾಜ್ಯದ ಮೇಲೆ ಬೀಳುವದೆಂದು ಬಲ್ಲವಳಾಗಿಯೂ ಶರಣು ಬಂದವನನ್ನು ಬಿಟ್ಟುಕೊಡಲಿಲ್ಲ. ಬಂದ ಮೊಗಲ ಸೈನ್ಯವನ್ನು ಎದುರಿಸಿದಳು. ಜೀಜಾಬಾಯಿಯ ಮಡಿಲಿನ ಕೂಸನ್ನು ಕನ್ನಡನಾಡಿನ ತಾಯಿಯು ಹೀಗೆ ಕಾಯ್ದಳು. ಜೀಜಾಬಾಯಿಯ ಗಂಡನೂ ಹಿರಿಯ ಮಗನೂ ಮಣ್ಣುಗೂಡಿದುದು ಇದೇ ನಾಡಿನಲ್ಲಿ. ಆಕೆಯ ಮೊಮ್ಮಗನಿಗೆ ಪ್ರಾಣದಾನವಾದುದೂ ಇದೇ ನಾಡಿನಲ್ಲಿ.

ಮಹಾಶಯರೇ, ಹೆರುವದು ಒಂದು ದಿನದ ಕೆಲಸ, ಸಾಕುವದು ಜೀವಮಾನದ ಕೆಲಸ. ಮುಪ್ಪಿನಲ್ಲಿ, ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, ಅದನ್ನು ಮತ್ತೆ ಮೊದಲಿನಿಂದ ತೊಡಗುವ ಅಜ್ಜಿಯರು ಎಲ್ಲ ಊರುಗಳಲ್ಲಿಯೂ ಇರುವರು. ಅವರ ಹೆಸರುಗಳು ಯಾವ ಬಖರಿನಲ್ಲಿಯೂ ಬರೆದಿರುವದಿಲ್ಲ. ಅಂತಹ ತಾಯಂದಿರು ಮನೆಯಲ್ಲಿದ್ದರೆ ಅವರು ಬೆಚ್ಚಗಿರುವಂತೆ ನೋಡಿಕೊಳ್ಳಿರಿ. ಮಕ್ಕಳನ್ನು ಅವರ ಬಳಿಯಲ್ಲಿ ಕುಳ್ಳಿರಿಸಿರಿ. ಅವರು ಏನನ್ನು ಕಳೆದುಕೊಂಡು ಏನನ್ನು ಉಳಿಸಿದರೆಂಬುದನ್ನು, ಅವರಿನ್ನೂ ಹೇಳಬಲ್ಲರೆನ್ನುವಾಗಲೇ ಕೇಳಿ ತಿಳಿಯಿರಿ.

ಮಂಗಲಮಸ್ತು.