ಲೋರೆಲೈ: ಬಂಡೆ, ಹೆಣ್ಣು, ಹೆಸರು

ಜರ್ಮನಿ ದೇಶದ ರೈನ್ ನದಿಯು ಸಾಂಕ್ಟ್ ಗೋರ್ಸ್‌ಹೌಸೆನ್ ಎಂಬ ಊರಿನ ಬಳಿ ಇಕ್ಕಟ್ಟಾದ ಕಣಿವೆಯಲ್ಲಿ ತಿರುಗಿ ಹರಿಯುತ್ತದೆ. ಅಲ್ಲಿ ಬಲದಂಡೆಯ ಮೇಲೆ, ನೀರಿನಿಂದ ಸುಮಾರು 130 ಮೀಟರು ಎತ್ತರಕ್ಕೆ ಕಡಿದಾದ ಬಂಡೆಯೊಂದು ನಿಂತಿದೆ. ಅದರ ಹೆಸರು ಲೋರೆಲೈ. ಸಂಜೆಯ ಹೊತ್ತು ಸುಂದರಿಯೊಬ್ಬಳು ಅದರ ತುದಿಯಲ್ಲಿ ಕುಳಿತು ಹೊಂಗೂದಲನ್ನು ಬಾಚುತ್ತ ಹಾಡುವಳೆಂದೂ, ಆ ಹಾಡಿಗೆ ಮೈಮರೆತ ಅಂಬಿಗನು ದೋಣಿಯೊಡನೆ ಮುಳುಗುವನೆಂದೂ ಕಥೆಯುಂಟು.

ಇಂತಹ ಕಥೆಯನ್ನು ಕೇಳಿದೊಡನೆ ಅದು ಬಹು ಪುರಾತನವೆಂದು ನಾವು ನಂಬಿಬಿಡುತ್ತೇವೆ. ವಸ್ತುಸ್ಥಿತಿ ಬೇರೆ. ಪುರಾತನವಾದುದು ಬಂಡೆಯ ಹೆಸರು ಮಾತ್ರ. ‘ಲೈ’ ಎಂದರೆ ಆ ಸೀಮೆಯ ನುಡಿಯಲ್ಲಿ ಬಂಡೆ. ಹೆಸರಿನ ಮೊದಲ ಭಾಗಕ್ಕೆ ಗುಣುಗುಣಿಸುವುದೆಂದು ಕೆಲವರೂ ಹೊಂಚುಹಾಕುವುದೆಂದು ಕೆಲವರೂ ಅರ್ಥ ಹೇಳುತ್ತಾರೆ. ಅಲ್ಲಿಯ ಪ್ರತಿಧ್ವನಿಯು ಹಿಂದಿನಿಂದಲೂ ಪ್ರಸಿದ್ಧವಾದುದು.

ಬಂಡೆಯ ಹೆಸರನ್ನು ಹೆಣ್ಣಿಗೆ ಕೊಟ್ಟವನು ಕ್ಲೆಮೆನ್ಸ್ ಬ್ರೆಂಟಾನೊ. 1801ರಲ್ಲಿ ಅಚ್ಚಾದ ಅವನ ಲಾವಣಿಯ ನಾಯಿಕೆ ಅಂಬಿಗರನ್ನು ಕೊಲ್ಲುವವಳಲ್ಲ. ಪ್ರಿಯನಿಂದ ವಂಚಿತಳಾಗಿ, ಮಾಟಗಾತಿಯೆಂಬ ಅಪವಾದವನ್ನು ಹೊತ್ತು, ಕನ್ಯಾಮಠದ ದಾರಿಯಲ್ಲಿ ಬಂಡೆಯನ್ನೇರಿ ನದಿಗೆ ಬಿದ್ದವಳು. 1824ರಲ್ಲಿ ಹೈನ್ರಿಶ್ ಹೈನೆಯು ಬರೆದ ಕವಿತೆಯಲ್ಲಿ ಅವಳು ಹಾಡುವ ಮೋಹಿನಿಯಾದಳು. ಸುಮಾರು ಹದಿಮೂರು ವರ್ಷಗಳ ತರುವಾಯ ಫ್ರೀಡ್ರಿಶ್ ಸಿಲ್ಚರ್ ಅದಕ್ಕೆ ರಾಗವನ್ನು ಹಾಕಿದನು. ಹಾಡು ಮನೆಮನೆಯನ್ನೂ ಸೇರಿತು. ಎರಡು ತಲೆಮಾರಿನೊಳಗೆ ಜನ ಅದನ್ನು ತಮ್ಮ ಪೂರ್ವಿಕರದೆಂದೇ ಎಣಿಸಿದರು.

ಕವಿಗೆ ದೊರೆತ ಮನ್ನಣೆಯಾದರೋ ಬೇರೆ ಬಗೆಯದು. ಹೈನೆಯ ಹುಟ್ಟೂರಾದ ಡ್ಯುಸೆಲ್‌ಡಾರ್ಫ್ ನಗರಕ್ಕೆಂದು ಎರ್ನ್‌ಸ್ಟ್ ಹೆರ್ಟರ್ ಎಂಬ ಶಿಲ್ಪಿಯು ಲೋರೆಲೈ ಮೂರ್ತಿಯುಳ್ಳ ಕಾರಂಜಿಯೊಂದನ್ನು ರೂಪಿಸಿದನು. ಕವಿ ಯೆಹೂದಿ ಮನೆತನದಲ್ಲಿ ಹುಟ್ಟಿದವನು. ಅದನ್ನೇ ದೋಷವೆಂದವರ ವಿರೋಧಕ್ಕೆ ಮಣಿದು ನಗರವು ಆ ಸ್ಮಾರಕವನ್ನು ಒಲ್ಲೆನೆಂದಿತು. ಮೈಂಟ್ಸ್ ನಗರವೂ ಒಲ್ಲೆನೆಂದಿತು. ಕೊನೆಗೆ ಅದು ಕಡಲು ದಾಟಿ 1899ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನೆಲೆಗೊಂಡಿತು. ಇಂದಿಗೂ ಅಲ್ಲಿಯೇ ಇದೆ.

ಅದೇ ಅಮೆರಿಕದಲ್ಲಿ ಈಗ ಎಷ್ಟೋ ಮಂದಿ ತಾಯ್ತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ ಲೋರೆಲೈ ಎಂದು ಹೆಸರಿಡುತ್ತಾರೆ. ಮುಳುಗಿದ ಅಂಬಿಗನು ಅವರಿಗೆ ನೆನಪಾಗುವುದಿಲ್ಲ. ಹೆಸರಿನ ಇಂಪು ಸಾಕು. ಆ ಮರೆವಿನಿಂದ ಯಾರಿಗೂ ಕೇಡಿಲ್ಲ. ಹಾಡನ್ನು ಉಳಿಸಿಕೊಂಡು ಕವಿಯನ್ನು ಹೊರಗಿಟ್ಟ ಮರೆವು ಅಂತಹುದಲ್ಲ. ನಮ್ಮದೆಂದು ನಾವು ಹಾಡುವ ಹಾಡನ್ನು ಕಟ್ಟಿದವರು ಯಾರೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.