ವಿದ್ಯಾರ್ಥಿಗೆ ಓದೇ ಕಾಯಕ



ಕಳೆದ ಸೋಮವಾರ ಹನ್ನೊಂದರ ಹೊತ್ತಿಗೆ ಬಾಲಕನೊಬ್ಬ ತಂದೆಯೊಡನೆ ಮಠಕ್ಕೆ ಬಂದಿದ್ದ. “ಶಾಲೆ ಇಲ್ಲವೇನಪ್ಪಾ?” ಎಂದೆವು. “ಇದೆ ಬುದ್ಧೀ, ಮೊದಲು ಮಠದ ಸೇವೆ, ಆಮೇಲೆ ಶಾಲೆ” ಎಂದರು ತಂದೆ. ಅದು ಭಕ್ತಿಯ ಮಾತೇ ಸರಿ. ಆದರೆ ತಪ್ಪು ನಮ್ಮದು. ಜಾತ್ರೆ ಬಂತೆಂದರೆ ತೋರಣ ಕಟ್ಟಲು, ಎಲೆ ಹಾಕಲು ಮಕ್ಕಳನ್ನು ಕರೆಸಿಕೊಂಡವರು ನಾವೇ ಅಲ್ಲವೆ?

ನಾವು ಪಾಠಶಾಲೆಯಲ್ಲಿದ್ದಾಗ ಪಾಡ್ಯ ಮೊದಲಾದ ಅನಧ್ಯಾಯದ ದಿನಗಳನ್ನು ಬಿಟ್ಟರೆ ಪಾಠ ತಪ್ಪುವಂತಿರಲಿಲ್ಲ. ಸಂಧಿಯ ಪಾಠ ತಪ್ಪಿದವನಿಗೆ ಶ್ಲೋಕದ ಪದಚ್ಛೇದ ಬಾರದು. ಭಾಗಾಕಾರ ತಪ್ಪಿದವನಿಗೆ ಭಿನ್ನರಾಶಿಯೂ ಹಾಗೆಯೇ. ತಿಳಿಯದವನು ಹಿಂದಿನ ಸಾಲಿಗೆ ಸರಿಯುತ್ತಾನೆ, ಕೇಳಲು ನಾಚುತ್ತಾನೆ, ಕಡೆಗೆ ಶಾಲೆಯನ್ನೇ ಬಿಡುತ್ತಾನೆ.

6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕೆಂಬ ಕಾಯಿದೆ 2010ರಿಂದ ಜಾರಿಯಲ್ಲಿದೆ. ಶಾಲೆಯ ಬಿಸಿಯೂಟಕ್ಕೆ ಸರಕಾರವೇ ಅಕ್ಷರ ದಾಸೋಹವೆಂದು ಹೆಸರಿಟ್ಟಿದೆ. ಅನ್ನವೂ ಸಿದ್ಧ, ಅಕ್ಷರವೂ ಸಿದ್ಧ. ಉಣ್ಣಬೇಕಾದ ಮಗುವನ್ನು ಕಳೆ ಕೀಳಲೆಂದು, ಕೂಸು ಆಡಿಸಲೆಂದು ನಿಲ್ಲಿಸಿಕೊಂಡರೆ ಅದಾವ ನ್ಯಾಯ?

ಹಾಜರಾದರಷ್ಟೇ ಸಾಲದು, ಮಗು ಬಾಯಿ ಬಿಟ್ಟು ಕೇಳಬೇಕು. ಓದು ಬಾರದ ತಾಯಿಯೂ ಸಂಜೆ, “ಇಂದು ಗುರುಗಳನ್ನು ಏನು ಕೇಳಿದೆಯಪ್ಪಾ?” ಎಂದು ವಿಚಾರಿಸಬಹುದು. ಮನೆಯಲ್ಲಿ ಕೇಳುವವರಿದ್ದರೆ ತರಗತಿಯಲ್ಲಿ ಧೈರ್ಯ ಬರುತ್ತದೆ.

ಇನ್ನು ಮುಂದೆ ಶಾಲೆಯ ವೇಳೆಯಲ್ಲಿ ಮಕ್ಕಳ ಸೇವೆಯನ್ನು ಶ್ರೀಮಠವು ಸ್ವೀಕರಿಸುವುದಿಲ್ಲ, ಜಾತ್ರೆಯಲ್ಲಿಯೂ ಇಲ್ಲ. ವಿದ್ಯಾರ್ಥಿಗೆ ಓದೇ ಕಾಯಕ. ಆ ಕಾಯಕವನ್ನು ಕೆಡಿಸಿ ಮಾಡಿದ ಸೇವೆ ಶಿವನಿಗೆ ಸಲ್ಲದು.

ಬಸವಾದಿ ಶರಣರ ಕೃಪೆ ನಿಮ್ಮ ಮಕ್ಕಳ ಮೇಲಿರಲಿ.