ಕೆರೆಯ ಲೆಕ್ಕ ಬರೆಯುವ ಕಾಯಕ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

'ಪರಿಸರ ರಕ್ಷಣೆಯಲ್ಲಿ ಸಾಮಾನ್ಯರ ಪಾತ್ರ' ಎಂಬ ವಿಷಯ ಕೊಟ್ಟಿದ್ದಾರೆ. ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ ಎಂದು ಹೇಳಿ ಕೂತುಬಿಡಬಹುದು. ಆ ಮಾತನ್ನು ನೀವು ನೂರು ಸಲ ಕೇಳಿದ್ದೀರಿ. ನಾನು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಜಿನ ಆಚೆ ಕೂತವನು. ಜನರ ದೂರು ಅಲ್ಲಿ ಹೇಗೆ ನಡೆಯುತ್ತದೆ, ಹೇಗೆ ಸಾಯುತ್ತದೆ ಎಂಬುದು ನನಗೆ ಗೊತ್ತು. ಅದನ್ನೇ ಹೇಳುತ್ತೇನೆ. ಅದರಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಒಂದು ದಿನ ವಯಸ್ಸಾದ ರೈತರೊಬ್ಬರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಶಾಲೆ ಮಕ್ಕಳ ನೋಟ್‌ಬುಕ್. "ಸಾಹೇಬ್ರ, ಈ ಸಲ ದೂರು ತಂದಿಲ್ಲ, ಲೆಕ್ಕ ತಂದೀನಿ" ಎಂದರು. ಮೂರು ಮಳೆಗಾಲದ ಲೆಕ್ಕ. ಯಾವ ದಿನ ಮಳೆ ಬಂತು, ಎಷ್ಟು ದಿನಕ್ಕೆ ಕೆರೆಗೆ ನೀರು ಬಂತು, ತೂಬಿನ ಕಲ್ಲಿನ ಮೇಲೆ ನೀರು ಎಷ್ಟನೆಯ ಗೆರೆ ಮುಟ್ಟಿತು. ಮೊದಲ ವರ್ಷ ಕೋಡಿ ಬಿದ್ದಿತ್ತು. ಮೂರನೆಯ ವರ್ಷ ಮಳೆ ಕಡಿಮೆಯೇನೂ ಆಗಿರಲಿಲ್ಲ, ಆದರೂ ನೀರು ಅರ್ಧಕ್ಕೇ ನಿಂತಿತ್ತು. ಇಂಜಿನಿಯರ್ ಆದವನಿಗೆ ಅಷ್ಟು ಸಾಕು. ಮಳೆ ಇದ್ದೂ ಕೆರೆ ತುಂಬುತ್ತಿಲ್ಲ ಎಂದರೆ ನೀರು ಬರುವ ದಾರಿಯಲ್ಲಿ ತೊಡಕಿದೆ. ಮರುದಿನವೇ ಹೋಗಿ ನೋಡಿದೆ. ಮೇಲ್ಭಾಗದಲ್ಲಿ ಹೊಸ ಬಡಾವಣೆಗಾಗಿ ಕಾಲುವೆಯನ್ನು ಮುಚ್ಚಿ ಸಮತಟ್ಟು ಮಾಡಿದ್ದರು.

ಕಡತ ತೆಗೆಸಿದಾಗ ನನ್ನ ಎದೆ ಧಸಕ್ಕೆಂದಿತು. ಅದೇ ಮನುಷ್ಯ ನಾಲ್ಕು ವರ್ಷದ ಹಿಂದೆ ಬರೆದಿದ್ದ ಅರ್ಜಿ ಅದರಲ್ಲಿತ್ತು. 'ನಮ್ಮೂರ ಕೆರೆ ಹಾಳಾಗುತ್ತಿದೆ, ದಯಮಾಡಿ ಕ್ರಮ ಕೈಗೊಳ್ಳಬೇಕು' ಎಂಬ ಎರಡು ಸಾಲು. ಕೆಳಗೆ ಷರಾ: 'ನಿರ್ದಿಷ್ಟ ವಿವರಗಳಿಲ್ಲ, ಮುಕ್ತಾಯಗೊಳಿಸಿದೆ.' ಸಹಿ ನನ್ನದು. ಆಮೇಲೆ ಸರ್ವೆ ಆಯಿತು, ನೋಟಿಸ್ ಹೋಯಿತು. ಕಾಲುವೆ ಒಂದಷ್ಟು ತೆರೆಯಿತು, ಪೂರ್ತಿ ತೆರೆಯಲಿಲ್ಲ. ಅಷ್ಟರಲ್ಲಿ ಅದರ ಮೇಲೆ ಮನೆಗಳು ಎದ್ದಿದ್ದವು. ಕಳೆದುಹೋದ ಆ ನಾಲ್ಕು ವರ್ಷ ನನ್ನ ಲೆಕ್ಕದಲ್ಲಿವೆ. ಮೊದಲ ಅರ್ಜಿಗೇ ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಸಂಬಳಕ್ಕೆ ಮಾಡಿದ ಕೆಲಸವೆಲ್ಲ ಕಾಯಕ ಆಗುವುದಿಲ್ಲ ಎಂಬುದನ್ನು ಆ ದಿನ ಕಲಿತೆ.

ಬಂಧುಗಳೆ, ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಇಷ್ಟನ್ನೂ ದಿನಾ ನೋಡಲು ಯಾವ ಇಲಾಖೆಗೂ ಆಗದು. ಆದರೆ ಪ್ರತಿ ಕೆರೆಯ ಏರಿಯ ಮೇಲೂ ದಿನಾ ಯಾರಾದರೊಬ್ಬರು ನಡೆಯುತ್ತಾರೆ. ನಡೆಯುವವರು ಕಂಡದ್ದನ್ನು ಬರೆದಿಟ್ಟರೆ ಕೆರೆ ಉಳಿಯುವ ದಾರಿ ಇದೆ. ಸಂವಿಧಾನದ 51ಎ ವಿಧಿಯೂ ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆ ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎನ್ನುತ್ತದೆ.

ಬರೆಯುವುದು ಹೇಗೆ? ಮೊದಲು ಸ್ಥಳ. 'ಊರ ಹತ್ತಿರ' ಎಂದರೆ ಸಾಲದು, ಸರ್ವೆ ನಂಬರ್ ಬೇಕು. ನಮ್ಮ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಮೊಬೈಲ್ ಹಿಡಿದು ನಿಂತರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ ಎಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಎರಡನೆಯದು ದಿನ, ಗಂಟೆ. ಕೊಳಚೆ ರಾತ್ರಿ ಮಾತ್ರ ಬಿಡುತ್ತಾರೆಂದರೆ ಹಗಲು ಬಂದ ಅಧಿಕಾರಿಗೆ ಏನೂ ಕಾಣುವುದಿಲ್ಲ. ಮೂರನೆಯದು ಅಳತೆ. 20 ಸೆಂಟಿಮೀಟರ್ ಅಗಲದ ತಟ್ಟೆಗೆ ಬಿಳಿ ಬಣ್ಣ ಬಳಿದು, ಭಾರ ಕಟ್ಟಿ, ಹಗ್ಗದಿಂದ ನೀರಿಗೆ ಇಳಿಸಿ. ಎಷ್ಟು ಆಳಕ್ಕೆ ಕಣ್ಮರೆಯಾಯಿತು ಎಂದು ಬರೆಯಿರಿ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ನೀರು ಕದಡುತ್ತಾ ಬಂದದ್ದನ್ನು ಆ ಅಂಕಿಗಳೇ ಹೇಳುತ್ತವೆ. ಫೋಟೊ ಕೂಡ ಅದೇ ಜಾಗದಿಂದ ತೆಗೆಯಿರಿ.

ಕುಡಿಯುವ ನೀರಿಗೆ ಇನ್ನೂ ಸುಲಭ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ನಿಮ್ಮ ಊರಲ್ಲಿ ಆ ಐವರು ಯಾರು, ಪರೀಕ್ಷೆಯ ಕಿಟ್ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಈ ಎರಡು ಅಂಕಿ ನಮ್ಮ ತಾಯಂದಿರ ಬಾಯಲ್ಲಿರಬೇಕು.

ಒಂದು ಎಚ್ಚರಿಕೆ. ಕಂಡದ್ದನ್ನು ಮಾತ್ರ ಬರೆಯಿರಿ. 'ಇಂಥವರೇ ಮಾಡಿಸಿದ್ದಾರೆ' ಎಂಬ ಊಹೆ ಬೇಡ. ಒಂದು ಸುಳ್ಳು ಸಾಲು ಹತ್ತು ನಿಜದ ಸಾಲುಗಳನ್ನು ಕೊಲ್ಲುತ್ತದೆ. ವೈರಕ್ಕೆ ಬರೆದ ದೂರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮರಳು, ಜಮೀನಿನ ವಿಷಯದಲ್ಲಂತೂ ಒಬ್ಬರೇ ಮುಂದೆ ಹೋಗಬೇಡಿ. ಹತ್ತು ಜನ ಸಹಿ ಮಾಡಿ, ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ.

ಇನ್ನು ಯಾರಿಗೆ ಕೊಡುವುದು? ತಪ್ಪು ಮೇಜಿಗೆ ಹೋದ ಅರ್ಜಿ ಊರೂರು ಅಲೆಯುತ್ತದೆ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ ಕೆರೆ ಪಂಚಾಯಿತಿ ವ್ಯವಸ್ಥೆಯದು. ಅದಕ್ಕಿಂತ ಹೆಚ್ಚು, 2000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು. ಒತ್ತುವರಿಗೆ ತಹಶೀಲ್ದಾರರು. ಕಾರ್ಖಾನೆಯ ಹೊಲಸಿಗೆ ಮಾಲಿನ್ಯ ನಿಯಂತ್ರಣ ಮಂಡಳಿ. ಕೊಟ್ಟಮೇಲೆ ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, 'ನನ್ನ ಅರ್ಜಿಯ ಮೇಲೆ ಏನು ಕ್ರಮವಾಯಿತು, ಸ್ಥಳ ಪರಿಶೀಲನೆಯ ವರದಿ ಕೊಡಿ' ಎಂದು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು. ಷರಾ ಬರೆದು ಮುಚ್ಚಿದ ಅಧಿಕಾರಿಗೆ ಆ ಒಂದು ಹಾಳೆಯ ಭಯ ಎಷ್ಟೆಂದು ನನಗೆ ಗೊತ್ತು! ಅದೂ ಆಗದಿದ್ದರೆ ಹಸಿರು ನ್ಯಾಯಮಂಡಳಿ ಇದೆ. ನಮಗೆ ಸೇರುವ ಪೀಠ ಚೆನ್ನೈನಲ್ಲಿದೆ. ಅಲ್ಲಿಗೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಹೋಗಬೇಕು. ನೋಟ್‌ಬುಕ್ಕಿನ ಮೊದಲ ಪುಟದ ತಾರೀಖು ಅಲ್ಲಿ ಕೆಲಸಕ್ಕೆ ಬರುತ್ತದೆ.

ಹಳ್ಳಿಯವರಿಂದ ಏನಾದೀತು ಎಂದು ಕೇಳುವವರಿದ್ದಾರೆ. ಕುಸನೂರನ್ನು ನೆನೆಯಿರಿ. ಇಂದಿನ ಹಾವೇರಿ ಜಿಲ್ಲೆಯ ಊರು. 1980ರ ದಶಕದಲ್ಲಿ ಕಾರ್ಖಾನೆಗೆ ಮರದ ತಿರುಳು ಬೇಕೆಂದು ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಒಂದು ಜಂಟಿ ಕಂಪನಿ ಕಟ್ಟಿದರು. ಅದು ಹಳ್ಳಿಯವರ ಸೌದೆಯ, ಮೇವಿನ ಭೂಮಿ. 1987ರ ನವೆಂಬರ್ 14ರಂದು ಜನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದೇ ಅದಕ್ಕೆ ಹೆಸರಾಯಿತು. ಇತ್ತ ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಬೀದಿಯಲ್ಲಿ ಜನರಿದ್ದರು, ಕೋರ್ಟಿನಲ್ಲಿ ಕಾಗದವಿತ್ತು. ಎರಡೂ ಬೇಕು.

ಕೊನೆಯದಾಗಿ, ಪೂಜ್ಯರ ಕ್ಷಮೆ ಕೋರಿ ಒಂದು ಮಾತು. ನಾವು ತೆರೆಯುವ ನೋಟ್‌ಬುಕ್ಕಿನ ಮೊದಲ ಪುಟ ನಮ್ಮ ಅಂಗಳದ್ದೇ ಆಗಲಿ. ಜಾತ್ರೆಯ ಮರುದಿನ ದಾಸೋಹದ ತಟ್ಟೆ ಲೋಟಗಳು ಎಲ್ಲಿ ಬೀಳುತ್ತವೆ? ಪಾತ್ರೆ ತೊಳೆದ ನೀರು ಯಾವ ಹಳ್ಳ ಸೇರುತ್ತದೆ? ಇವತ್ತು ಇಲ್ಲಿಗೆ ಬರುವ ಮುಂಚೆ ಹಿಂದಿನ ಚರಂಡಿಯ ದಾರಿ ಹಿಡಿದು ನಡೆದೆ. ಅದು ಕೆರೆಯ ಕಡೆಗೇ ಹೋಗುತ್ತದೆ. ಇಂಗುಗುಂಡಿಯ ಅಳತೆ, ಅಂದಾಜು ನಾನು ಮಾಡಿಕೊಡುತ್ತೇನೆ. ಅಗೆಯಲು ಕೈಗಳು ಬೇಕು. ನಮ್ಮ ಚರಂಡಿ ಸರಿಹೋದ ದಿನ ಇನ್ನೊಬ್ಬರ ಚರಂಡಿಯ ಬಗ್ಗೆ ಬರೆಯಲು ನಮ್ಮ ಪೆನ್ನಿಗೆ ಬಲ ಬರುತ್ತದೆ.

ಮುಂದಿನ ತಿಂಗಳ ಗೋಷ್ಠಿಗೆ ಬರುವಾಗ ಪ್ರತಿ ಊರಿನಿಂದ ಒಂದು ನೋಟ್‌ಬುಕ್ ಬರಲಿ. ಒಂದೇ ಪುಟ ಬರೆದಿದ್ದರೂ ಸಾಕು. ನಾನು ಕೂತು ಓದುತ್ತೇನೆ. ಈ ಸಲ ಯಾವುದನ್ನೂ ಮುಕ್ತಾಯಗೊಳಿಸುವುದಿಲ್ಲ.